ಪರದೆ ಮೇಲೆ ನೋಡಿದ್ದಾಯ್ತು... ಪುಸ್ತಕ ಓದಿದ್ರಾ?

'ಬಂಗಾರದ ಮನುಷ್ಯ' ಚಿತ್ರದ ನಿರ್ದೇಶಕರು ಯಾರು? ಸಿದ್ದಲಿಂಗಯ್ಯ! ಸಂಗೀತ? ಜಿ.ಕೆ. ವೆಂಕಟೇಶ್! ನಾಯಕಿ? ಭಾರತಿ! 1972ರಲ್ಲಿ ಬಿಡುಗಡೆಯಾಗಿ ಬೆಂಗಳೂರಿನ ಯಾವ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿತು? ಸ್ಟೇಟ್ಸ್! ಅಣ್ಣಾವ್ರ ಅಭಿಮಾನಿಗಳನ್ನು ನಡುರಾತ್ರಿ ಎಬ್ಬಿಸಿ ಕೇಳಿದರೂ ಪಟಪಟನೆ ಬರುವ ಉತ್ತರಗಳಿವು. ಸರಿ ಸ್ವಾಮಿ, ಕಥೆ ಯಾರದು?

ಇಲ್ಲಿಗೆ ಗಾಡಿ ಬ್ರೇಕ್ ಹಾಕಿದ ಹಾಗೆ ನಿಂತುಬಿಡುತ್ತೆ! ಹತ್ತು ಜನರಲ್ಲಿ ಒಬ್ಬ "ಟಿ.ಕೆ. ರಾಮರಾವ್" ಅಂದರೆ ಪುಣ್ಯ. ಪತ್ತೇದಾರಿ ಕಾದಂಬರಿಗಳಿಗೆ ಹೆಸರಾಗಿದ್ದ ಅದೇ ರಾಮರಾಯರು! ಬಂಜರು ಭೂಮಿಯಲ್ಲಿ ಬಂಗಾರ ಬೆಳೆದ ರಾಜೀವ ಹುಟ್ಟಿದ್ದು ಅವರ ಲೇಖನಿಯಲ್ಲಿ. ಆಮೇಲೆ ತಾನೇ ಅಣ್ಣಾವ್ರು ಪಂಚೆ ಎತ್ತಿ ಕಟ್ಟಿ ಹೊಲಕ್ಕೆ ಇಳಿದದ್ದು?

ಈ ವಾರ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕ ಸಿಕ್ಕ ಹುಡುಗರಿಗೆಲ್ಲ ನಾವು ಹಾಕಿದ್ದು ಒಂದೇ ಪ್ರಶ್ನೆ. "ಈಗ ಏನು ಓದ್ತಾ ಇದ್ದೀರಿ?" "ಪರೀಕ್ಷೆಗೆ ಓದೋದೇ ಸಾಕಾಗಿದೆ ಸಾರ್" ಅಂದವರೇ ಹೆಚ್ಚು. ಒಬ್ಬ ಕಂಡಕ್ಟರ್ ಮಾತ್ರ ಟಿಕೆಟ್ ಚೀಲದ ಒಳಗಿಂದ ಅಂಚು ಸವೆದ 'ಜುಗಾರಿ ಕ್ರಾಸ್' ತೆಗೆದು ತೋರಿಸಿ, "ಮೂರನೇ ಸಲ" ಅಂತ ನಕ್ಕ. ಇನ್ನೊಬ್ಬ ಹುಡುಗನ ಕೈಯಲ್ಲಿ ಪುಸ್ತಕ ಇತ್ತು. ಏನದು ಅಂತ ಬಗ್ಗಿ ನೋಡಿದರೆ ಥಟ್ಟನೆ ಬೆನ್ನ ಹಿಂದೆ ಮರೆಮಾಡಿದ. ಬಲವಂತ ಮಾಡಿದ ಮೇಲೆ ಹೊರಗೆ ಬಂತು... ತ್ರಿವೇಣಿಯವರ 'ಶರಪಂಜರ'! "ಅಕ್ಕಂದು ಸಾರ್, ಸುಮ್ನೆ ತಂದೆ" ಅಂತ ಸಮಜಾಯಿಷಿ ಬೇರೆ. ಆ ಹುಡುಗನ ನಾಚಿಕೆಯ ವಿಷಯಕ್ಕೆ ಆಮೇಲೆ ಬರೋಣ. ಮೊದಲು ಹಾವಿನ ಕಥೆ.

ಮೂರು ಕಾದಂಬರಿ, ಒಂದು ಹಾವು

'ನಾಗರಹಾವು' ಚಿತ್ರವನ್ನು ಎಷ್ಟು ಸಲ ನೋಡಿದ್ದೀರಿ ಅಂತ ಕೇಳೋದೇ ತಪ್ಪು. 1972ರಲ್ಲಿ ಬಂದ ಚಿತ್ರ 2018ರಲ್ಲಿ ಹೊಸ ಮೆರುಗಿನೊಂದಿಗೆ ಮತ್ತೆ ತೆರೆಗೆ ಬಂದಾಗ, ಅಪ್ಪ ಶಿಳ್ಳೆ ಹೊಡೆದ ದೃಶ್ಯಕ್ಕೇ ಮಗನೂ ಶಿಳ್ಳೆ ಹೊಡೆದ! ವಿಷ್ಣುವರ್ಧನ್‌ಗೆ ನಾಯಕ ಪಟ್ಟ, ಜಲೀಲನಾಗಿ ಅಂಬರೀಷ್‌ಗೆ ಮೊದಲ ಪಾತ್ರ, ಚಾಮಯ್ಯ ಮೇಷ್ಟ್ರಾಗಿ ಅಶ್ವತ್ಥ್... ಇದೆಲ್ಲ ನಿಮಗೆ ಬಾಯಿಪಾಠ.

ಆದರೆ ಪುಟ್ಟಣ್ಣ ಆ ಚಿತ್ರಕ್ಕೆ ತೆಗೆದುಕೊಂಡಿದ್ದು ಒಂದು ಕಾದಂಬರಿಯಲ್ಲ, ಮೂರು! 'ನಾಗರಹಾವು', 'ಒಂದು ಗಂಡು ಎರಡು ಹೆಣ್ಣು', 'ಸರ್ಪ ಮತ್ಸರ'. ಮೂರೂ ತ.ರಾ.ಸು. ಅವರದು. ಮೂರು ಪುಸ್ತಕಗಳನ್ನು ಮೂರು ಗಂಟೆಯೊಳಗೆ ಕೂರಿಸಬೇಕಾದರೆ ಏನೇನು ಬಿಟ್ಟುಹೋಗುತ್ತೆ, ಯಾವುದು ಉಬ್ಬುತ್ತೆ, ಯೋಚನೆ ಮಾಡಿ. ತೆರೆಗೆ ಬಂದ ಹಾವು ತ.ರಾ.ಸು. ಅವರಿಗೆ ಸಮಾಧಾನ ತರಲಿಲ್ಲ ಅನ್ನೋದು ಗಾಂಧಿನಗರದ ಹಳೇ ಮಾತು. ಯಾರ ಪಕ್ಷ ಸರಿ? ಪುಟ್ಟಣ್ಣನವರದೋ, ತ.ರಾ.ಸು. ಅವರದೋ? ತೀರ್ಪು ಕೊಡೋಕೆ ಎರಡೂ ಕಡೆಯ ಸಾಕ್ಷಿ ಬೇಕಲ್ಲ! ನಾವೆಲ್ಲ ಐವತ್ತು ವರ್ಷದಿಂದ ಒಂದೇ ಕಡೆಯ ಸಾಕ್ಷಿ ಕೇಳಿ ತಲೆ ಅಲ್ಲಾಡಿಸ್ತಾ ಇದ್ದೀವಿ. ಪುಸ್ತಕದಲ್ಲಿ ರಾಮಾಚಾರಿಗೆ ಹಿನ್ನೆಲೆ ಸಂಗೀತ ಇಲ್ಲ, ವಿಷ್ಣು ಅವರ ಆ ಕೆಂಡದಂಥ ಕಣ್ಣಿಲ್ಲ. ಅವನ ಹಟ, ಅವನ ಸಿಟ್ಟು ಬರಿಗಣ್ಣಿಗೆ ಕಾಣುತ್ತೆ. ಕೆಲವು ಕಡೆ ಅವನ ಮೇಲೆ ನಮಗೇ ಕೋಪ ಬರುತ್ತೆ. ಚಿತ್ರ ನೋಡುವಾಗ ಹಾಗೆ ಕೋಪ ಮಾಡಿಕೊಳ್ಳೋಕೆ ವಿಷ್ಣು ಎಲ್ಲಿ ಬಿಡ್ತಾರೆ?

ಅದೇ ಚಿತ್ರದಲ್ಲಿ ಜಯಂತಿ ಒನಕೆ ಓಬವ್ವನಾಗಿ ಬರುವ ದೃಶ್ಯಕ್ಕೆ ಮೈ ಜುಮ್ಮೆನ್ನದವರು ಯಾರು? ಹಾಗಾದರೆ ದುರ್ಗದ ಆ ಕೋಟೆಯೊಳಕ್ಕೆ ಇನ್ನೂ ನಾಲ್ಕು ಹೆಜ್ಜೆ ಹೋಗಿ. ತ.ರಾ.ಸು. ದುರ್ಗದ ಸೀಮೆಯ ತಳುಕಿನ ಮನೆತನದವರು. ಪಾಳೆಯಗಾರರ ಕಾಲವನ್ನು 'ಕಂಬನಿಯ ಕುಯಿಲು', 'ರಕ್ತರಾತ್ರಿ', 'ತಿರುಗುಬಾಣ' ಅಂತ ಮೂರು ಕಾದಂಬರಿಗಳಲ್ಲಿ ಬರೆದರು. ಕೊನೆಗೆ ಮದಕರಿನಾಯಕನ ಪತನ ಕುರಿತು 'ದುರ್ಗಾಸ್ತಮಾನ'. ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು 1985ರಲ್ಲಿ; ಅಷ್ಟರಲ್ಲಿ, 1984ರಲ್ಲೇ, ತ.ರಾ.ಸು. ತೀರಿಕೊಂಡಿದ್ದರು. ಪುಸ್ತಕ ದಪ್ಪ ಇದೆ, ನಿಜ. ಆದರೆ ಒಳಸಂಚು, ಕುದುರೆ, ಕತ್ತಿ, ದ್ರೋಹ... ಇಷ್ಟು ಇರೋ ಪುಸ್ತಕದ ದಪ್ಪ ಯಾರಿಗೆ ಗೊತ್ತಾಗುತ್ತೆ?

ತ.ರಾ.ಸು. ಬಗ್ಗೆ ಇನ್ನೊಂದು ಸ್ವಾರಸ್ಯ. ಅವರ 'ಹಂಸಗೀತೆ'ಯನ್ನು ಜಿ.ವಿ. ಅಯ್ಯರ್ 1975ರಲ್ಲಿ ಅನಂತನಾಗ್ ಅವರನ್ನು ಹಾಕಿಕೊಂಡು ಚಿತ್ರ ಮಾಡಿದರು. ಆದರೆ ಹಿಂದಿಯವರು ಅದಕ್ಕೂ 19 ವರ್ಷ ಮೊದಲೇ, 1956ರಲ್ಲಿ, ಅದೇ ಕಥೆಯಿಂದ 'ಬಸಂತ್ ಬಹಾರ್' ತೆಗೆದಿದ್ದರು! ನಮ್ಮ ಮನೆಯ ಹಿತ್ತಲ ಗಿಡ ಮದ್ದು ಅಂತ ಪಕ್ಕದ ಬೀದಿಯವರು ಮೊದಲು ಕಂಡುಕೊಂಡ ಹಾಗಾಯ್ತು.

ಲೇಡೀಸ್ ನಾವೆಲ್ಲಾ? ಹಾಗಾದರೆ ಕೇಳಿ!

ಈಗ ಪುಸ್ತಕ ಬಚ್ಚಿಟ್ಟ ಆ ಹುಡುಗನ ಕಡೆ ಬರೋಣ. "ಅದು ಹೆಂಗಸರು ಓದೋ ಕಾದಂಬರಿ ಕಣ್ರೀ" ಅನ್ನೋ ಮಾತು ನಮ್ಮ ಹುಡುಗರ ಬಾಯಲ್ಲಿ ಇವತ್ತಿನದಲ್ಲ. ಹೀಗೆ ಮೂಗು ಮುರಿಯೋ ಅಭಿಮಾನಿಗಳು ಸ್ವಲ್ಪ ಲೆಕ್ಕ ಹಾಕಬೇಕು.

ಅಣ್ಣಾವ್ರ 'ಎರಡು ಕನಸು' ನೋಡಿ ಕಣ್ಣೀರಿಟ್ಟಿರಲ್ಲ, ಅದು ವಾಣಿಯವರ ಕಾದಂಬರಿ. 'ಶುಭಮಂಗಳ', 'ಹೊಸಬೆಳಕು' ಕೂಡ ಅವರದೇ. ವಿಷ್ಣು ಅಭಿಮಾನಿಗಳು ಪ್ರಾಣ ಬಿಡುವ 'ಬಂಧನ'? ಉಷಾ ನವರತ್ನರಾಂ! ಅದಕ್ಕೂ ಆರು ವರ್ಷ ಮೊದಲು, 1978ರಲ್ಲಿ, ಬಂದ 'ಹೊಂಬಿಸಿಲು'? ಅದೂ ಉಷಾ ಅವರದೇ. ಕಲ್ಪನಾಗೆ ದೊಡ್ಡ ಹೆಸರು ತಂದ 'ಗೆಜ್ಜೆಪೂಜೆ' ತೀರ್ಥಹಳ್ಳಿಯ ಹೆಣ್ಣುಮಗಳು ಎಂ.ಕೆ. ಇಂದಿರಾ ಬರೆದದ್ದು. ಮುಂದಿನ ಸಾಲಿನಲ್ಲಿ ಕೂತು ಶಿಳ್ಳೆ ಹೊಡೆದು, ಕರ್ಚೀಫು ಒದ್ದೆ ಮಾಡಿಕೊಂಡು ಬಂದದ್ದು ಯಾರು? ನೀವೇ! ಮತ್ತೆ ಅದೇ ಪುಸ್ತಕ ಬಸ್ಸಿನಲ್ಲಿ ಹಿಡಿದುಕೊಳ್ಳೋಕೆ ನಾಚಿಕೆ ಯಾಕೆ?

ತ್ರಿವೇಣಿ ವಿಷಯ ಬೇರೆಯಾಗಿಯೇ ಹೇಳಬೇಕು. ಮನಃಶಾಸ್ತ್ರ ಓದಿದ್ದ ಹೆಣ್ಣುಮಗಳು. 1928ರಲ್ಲಿ ಹುಟ್ಟಿ 1963ರಲ್ಲಿ ತೀರಿಕೊಂಡರು. ಅಷ್ಟೇ ಆಯಸ್ಸು! 'ಬೆಕ್ಕಿನ ಕಣ್ಣು' ಕಾದಂಬರಿಯನ್ನು ಪುಟ್ಟಣ್ಣ 1966ರಲ್ಲಿ ಮಲಯಾಳದಲ್ಲಿ 'ಪೂಚ್ಚಕ್ಕಣ್ಣಿ' ಅಂತ ತೆಗೆದರು. 1967ರಲ್ಲಿ 'ಬೆಳ್ಳಿಮೋಡ', 1968ರಲ್ಲಿ ಎಂ.ಆರ್. ವಿಠಲ್ ನಿರ್ದೇಶನದ 'ಹಣ್ಣೆಲೆ ಚಿಗುರಿದಾಗ', 1971ರಲ್ಲಿ 'ಶರಪಂಜರ'. ಒಂದನ್ನಾದರೂ ನೋಡೋಕೆ ತ್ರಿವೇಣಿ ಇರಲಿಲ್ಲ. ತಮ್ಮ ಕಾವೇರಿಗೆ ಕಲ್ಪನಾ ಜೀವ ತುಂಬಿದ್ದು ಅವರಿಗೆ ಗೊತ್ತೇ ಆಗಲಿಲ್ಲ.

'ಶರಪಂಜರ' ಚಿತ್ರ ನೋಡಿದವರಿಗೆ ಕಲ್ಪನಾ ಅವರ ಆ ನೋಟ, ಆ ನಗು ಮರೆಯೋಕೆ ಆಗಲ್ಲ. ಪುಸ್ತಕ ಅಷ್ಟು ಗದ್ದಲ ಮಾಡಲ್ಲ. ಹೆರಿಗೆಯ ನಂತರ ಬುದ್ಧಿ ಕಲಕಿ, ಆಸ್ಪತ್ರೆಗೆ ಹೋಗಿ, ಗುಣವಾಗಿ ಮನೆಗೆ ಬಂದ ಹೆಂಡತಿ. ಕಾಯಿಲೆ ವಾಸಿಯಾಗಿದೆ, ಆದರೆ ಸುತ್ತಲಿನವರ ಅನುಮಾನ ವಾಸಿಯಾಗಿಲ್ಲ. ಜೋರಾಗಿ ನಕ್ಕರೂ ಅನುಮಾನ, ಸುಮ್ಮನೆ ಕೂತರೂ ಅನುಮಾನ. ಓದ್ತಾ ಓದ್ತಾ ನಮಗೇ ಉಸಿರು ಕಟ್ಟುತ್ತೆ. ನಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಅಂಥ ಒಬ್ಬ ಅಕ್ಕ, ಒಬ್ಬ ಅತ್ತಿಗೆ ಇದ್ದದ್ದು ನೆನಪಾಗುತ್ತೆ. ಮದುವೆ ಆಗೋಕೆ ಮುಂಚೆ ಗಂಡು ಹುಡುಗರೇ ಓದಬೇಕಾದ ಪುಸ್ತಕ ಇದು ಅಂತ ನನ್ನ ಅಭಿಪ್ರಾಯ. ಬೈಯೋರು ಬೈದುಕೊಳ್ಳಲಿ!

ಎಲ್ಲಾ ಕಡೆ ಪುಸ್ತಕವೇ ಮೇಲು ಅಂತ ನಾನು ವಾದ ಮಾಡಲ್ಲ. 'ಬಂಧನ' ಓದೋಕೆ ಕೂತರೆ ನನಗಂತೂ ಪುಟ ಪುಟಕ್ಕೂ ವಿಷ್ಣು, ಸುಹಾಸಿನಿ ಮುಖಗಳೇ ಅಡ್ಡ ಬರುತ್ತವೆ. ಕೊನೆಗೆ ಪುಸ್ತಕ ಮುಚ್ಚಿಟ್ಟು ಚಿತ್ರವನ್ನೇ ಇನ್ನೊಂದು ಸಲ ನೋಡಿದ್ದೂ ಉಂಟು.

ಹಳ್ಳಿ ಹೈದನ ಕಾದಂಬರಿ

'ಬೇಗ ಮುಗಿಯೋದು, ನಮ್ಮ ಭಾಷೇಲಿ ಇರೋದು ಹೇಳಿ' ಅನ್ನೋರಿಗೆ ಶ್ರೀಕೃಷ್ಣ ಆಲನಹಳ್ಳಿ. 1947ರಲ್ಲಿ ಹುಟ್ಟಿದ ಈ ಮೈಸೂರು ಸೀಮೆಯ ಹಳ್ಳಿ ಹುಡುಗ 'ಕಾಡು' ಬರೆದಾಗ ಹೆಚ್ಚುಕಡಿಮೆ ನಿಮ್ಮದೇ ವಯಸ್ಸು. ಎರಡು ಹಳ್ಳಿಗಳ ವೈರವನ್ನು ಕಿಟ್ಟಿ ಅನ್ನೋ ಪುಟ್ಟ ಹುಡುಗನ ಕಣ್ಣಿಂದ ತೋರಿಸುವ ಈ ಕಥೆಯನ್ನು ಗಿರೀಶ್ ಕಾರ್ನಾಡ್ 1973ರಲ್ಲಿ ಚಿತ್ರ ಮಾಡಿದರು. ಮುಂದೆ ಹಿಂದಿಯಲ್ಲಿ ದೊಡ್ಡ ಖಳನಾಯಕನಾದ ಅಮರೀಶ್ ಪುರಿ ಇದರಲ್ಲಿ ಇದ್ದಾರೆ! 'ಪರಸಂಗದ ಗೆಂಡೆತಿಮ್ಮ'ನಂತೂ ಲೋಕೇಶ್ ಅವರಿಂದ ಮನೆಮಾತಾದ. ಆ ಪುಸ್ತಕದ ಹಳ್ಳಿ ಮಾತನ್ನು ಮನಸ್ಸಿನಲ್ಲಿ ಅಲ್ಲ, ಬಾಯಿಬಿಟ್ಟು ಓದಿ. ನಗ್ತಾ ನಗ್ತಾ ಇದ್ದ ಹಾಗೇ ಗಂಟಲು ಕಟ್ಟಿಬಿಡುತ್ತೆ. ಆಲನಹಳ್ಳಿ 1989ರಲ್ಲೇ ಹೋಗಿಬಿಟ್ಟರು. ಇನ್ನೂ ಎಷ್ಟು ಬರೀಬೇಕಿತ್ತೋ!

ಓದುಗರೇ ನಿರ್ಮಾಪಕರು!

ಆಗೆಲ್ಲ ವಾರಪತ್ರಿಕೆಯಲ್ಲಿ ಧಾರಾವಾಹಿ ಬರುತ್ತಿತ್ತು, ಆಮೇಲೆ ಪುಸ್ತಕ, ಪುಸ್ತಕ ಸರ್ಕ್ಯುಲೇಟಿಂಗ್ ಲೈಬ್ರರಿಯಲ್ಲಿ ಕೈಯಿಂದ ಕೈಗೆ. ಚಿತ್ರ ಬರೋ ಹೊತ್ತಿಗೆ ಕಥೆ ಓದಿದವರೇ ಟಿಕೆಟ್‌ಗೆ ಕ್ಯೂ ನಿಲ್ಲುತ್ತಿದ್ದರು. ಆ ದಾರಿಯಲ್ಲಿ ಈಗ ಹುಲ್ಲು ಬೆಳೆದಿದೆ ಅಂತ ಗೊಣಗುವವರಿಗೆ 2023 ಒಂದು ಉತ್ತರ ಕೊಟ್ಟಿತು. ಪೂರ್ಣಚಂದ್ರ ತೇಜಸ್ವಿಯವರ ಕಥೆಯನ್ನು ಶಶಾಂಕ್ ಸೋಗಾಲ್ 'ಡೇರ್‌ಡೆವಿಲ್ ಮುಸ್ತಾಫಾ' ಅಂತ ತೆರೆಗೆ ತಂದರು. ದುಡ್ಡು ಹಾಕಿದ್ದು ಯಾರು ಗೊತ್ತೇ? ತೇಜಸ್ವಿ ಪುಸ್ತಕ ಓದಿ ಹುಚ್ಚು ಹಿಡಿಸಿಕೊಂಡ ನೂರರಷ್ಟು ಜನ ಓದುಗರು! ತೇಜಸ್ವಿ 2007ರಲ್ಲೇ ತೀರಿಕೊಂಡಿದ್ದರು. ಕಟೌಟಿಗೆ ಹಾಲು ಎರೆಯೋ ಅಭಿಮಾನಿಗಳನ್ನು ಕಂಡಿದ್ದೀವಿ. ಲೇಖಕನಿಗೆ ಇಂಥ ಅಭಿಮಾನಿಗಳು!

ಮೊದಲ ಸಲ ಕಾದಂಬರಿ ಹಿಡಿಯೋರಿಗೆ ನನ್ನ ಕಡೆಯಿಂದ ತೇಜಸ್ವಿಯವರ 'ಕರ್ವಾಲೋ'. ಮೂಡಿಗೆರೆಯ ಕಾಡು, ಜೇನು ಹಿಡಿಯೋ ಮಂದಣ್ಣ, ಕಿವಿ ಅನ್ನೋ ನಾಯಿ, ಹಾರುವ ಓತಿ ಹುಡುಕಿಕೊಂಡು ಹೊರಟ ವಿಜ್ಞಾನಿ. ರಾತ್ರಿ ಬಸ್ಸಿಗೆ ಹತ್ತಿದರೆ ಬೆಳಗಾಗೋದರೊಳಗೆ ಮುಗಿಯುತ್ತೆ, ಲೈಟ್ ಆರಿಸಬೇಡಿ ಅಂತ ಡ್ರೈವರಣ್ಣನ ಹತ್ತಿರ ಜಗಳ ಆಗಬಹುದು ಅಷ್ಟೇ. ಅದು ಹಿಡಿಸಿದರೆ ಆ ಕಂಡಕ್ಟರ್ ಚೀಲದಲ್ಲಿದ್ದ 'ಜುಗಾರಿ ಕ್ರಾಸ್' ಹೇಗೂ ಇದೆ. ಏಲಕ್ಕಿ ಮಾರೋಕೆ ಹೊರಟ ಗಂಡ ಹೆಂಡತಿ ಎಂಥ ಸುಳಿಗೆ ಸಿಕ್ಕಿಹಾಕಿಕೊಳ್ತಾರೆ ಅನ್ನೋದನ್ನು ಇಲ್ಲಿ ಬಾಯಿಬಿಡಲ್ಲ.

ಪುಸ್ತಕ ಎಲ್ಲಿ ಅಂತೀರಾ? ಬೆಂಗಳೂರಿಗೆ ಬಂದಾಗ ಅವೆನ್ಯೂ ರಸ್ತೆಯ ಹಳೇ ಪುಸ್ತಕದ ಅಂಗಡಿಗಳಲ್ಲಿ ಕೆದಕಿ. ಊರಿನ ಸಾರ್ವಜನಿಕ ಗ್ರಂಥಾಲಯದಲ್ಲಿ ಕೇಳಿ, ತ್ರಿವೇಣಿ, ತ.ರಾ.ಸು. ಅಲ್ಲಿ ಧೂಳು ಹೊದ್ದು ಮಲಗಿರುತ್ತಾರೆ.

ಅಂದ ಹಾಗೆ ಓದುಗ ಮಿತ್ರರೇ, ನಿಮ್ಮ ದಿಂಬಿನ ಪಕ್ಕ ಈಗ ಯಾವ ಪುಸ್ತಕ ಇದೆ? ಗೆಳೆಯನಿಗೆ ಓದಲೇಬೇಕು ಅಂತ ಕೊಟ್ಟು ವಾಪಸು ಬಾರದ ಪುಸ್ತಕ ಯಾವುದು? ಚಿತ್ರ ಆಗಲೇಬೇಕು ಅನ್ನಿಸಿದ ಕಾದಂಬರಿ ಯಾವುದು, ನಾಯಕ ಯಾರಾಗಬೇಕು? ಒಂದು ಕಾರ್ಡು ಬರೆದು ಹಾಕಿ. ನಿಮ್ಮ ಮೆಚ್ಚಿನ ತಾರೆಯರ ಹೆಸರು ಎಷ್ಟಾದರೂ ಬರೀರಿ, ಬೇಡ ಅನ್ನಲ್ಲ. ಕಥೆ ಯಾರದು ಅನ್ನೋದು ಮಾತ್ರ ಮೊದಲನೇ ಸಾಲಿನಲ್ಲೇ ಇರಲಿ!