ಬೆಳಗಿನ ಕಾಫಿಯೂ ಚಿಕೋರಿಯ ಬೇರೂ

ಹುಣಸೂರು ತಾಲ್ಲೂಕಿನ ಹನಗೋಡು ಕಾಫಿಯ ಸೀಮೆಯಲ್ಲ. ರಾಗಿ, ಹೊಗೆಸೊಪ್ಪು, ಲಕ್ಷ್ಮಣತೀರ್ಥದ ಅಣೆಕಟ್ಟಿನ ನಾಲೆಯಡಿಯಲ್ಲಿ ಭತ್ತ, ಇವು ಅಲ್ಲಿಯ ಬೆಳೆಗಳು. ಆದರೂ ಅಲ್ಲಿಯ ಎಷ್ಟೋ ಮನೆಗಳಲ್ಲಿ ದಿನ ಮೊದಲಾಗುವುದು ಕಾಫಿಯಿಂದಲೇ. ಆಂಗ್ಲರು ತಮ್ಮ ಬೆಳಗಿನ ಚಹಕ್ಕೆ ಅಸ್ಸಾಂ, ಸಿಂಹಳ, ಕೀನ್ಯಾಗಳ ಎಲೆಗಳನ್ನು ಬೆರೆಸುವಂತೆ ನಮ್ಮವರು ಕಾಫಿಪುಡಿಗೆ ಚಿಕೋರಿಯನ್ನು ಬೆರೆಸುತ್ತಾರೆ. ಒಂದು ವ್ಯತ್ಯಾಸವುಂಟು: ಚಹದ ಮಿಶ್ರಣಕ್ಕೆ ಸೇರುವುದೆಲ್ಲವೂ ಚಹವೇ, ನಮ್ಮ ಮಿಶ್ರಣಕ್ಕಾದರೋ ಕಾಫಿಯೇ ಅಲ್ಲದ ಒಂದು ಬೇರು ಸೇರುತ್ತದೆ. ಇದನ್ನು ಕಲಬೆರಕೆಯೆನ್ನಬೇಕೆ, ಸಂಪ್ರದಾಯವೆನ್ನಬೇಕೆ ಎಂಬುದನ್ನು ಇಲ್ಲಿ ವಿವೇಚಿಸಲು ಉದ್ದೇಶಿಸಿದ್ದೇವೆ.

ಹದಿನೇಳನೆಯ ಶತಮಾನದಲ್ಲಿ ಬಾಬಾ ಬುಡನ್ ಅವರು ಮೋಕಾದಿಂದ ಏಳು ಬೀಜಗಳನ್ನು ಚಂದ್ರದ್ರೋಣ ಪರ್ವತಕ್ಕೆ ತಂದರೆಂಬ ಐತಿಹ್ಯವು ಸರ್ವವಿದಿತ. ನಮ್ಮ ವಿಷಯಕ್ಕೆ ಅದಕ್ಕಿಂತ ಹತ್ತಿರವಾದುದು ಕೊಡಗಿನ ವೃತ್ತಾಂತ. ಐರೋಪ್ಯರ ಮೊದಲ ತೋಟವು 1854ರಲ್ಲಿ ಮಡಿಕೇರಿಯ ಬಳಿ ಆರಂಭವಾಯಿತು. ಕೊಡಗಿನ ದಾರಿಗಳು ಕೂಡುವ ಹುಣಸೂರಿಗೆ ಅದರಿಂದ ಹೊಸ ಉದ್ಯಮವೊಂದು ದೊರೆಯಿತು. ಅಮೃತಮಹಲ್ ದನಗಳಿಂದಲೂ, ಸರಕಾರದ ಚರ್ಮ ಹಾಗೂ ಕಂಬಳಿಯ ಕಾರ್ಖಾನೆಗಳಿಂದಲೂ ಹೆಸರಾಗಿದ್ದ ಈ ಪಟ್ಟಣದಲ್ಲಿ 1864ರಲ್ಲಿ ಆ ಕಾರ್ಖಾನೆಗಳು ಮುಚ್ಚಿದುವು. ಖಾಸಗಿಯವರ ವಿಸ್ತಾರವಾದ ಕಾಫಿ ಕಾರ್ಖಾನೆಗಳು ಇಲ್ಲಿದ್ದುದನ್ನು ಹತ್ತೊಂಬತ್ತನೆಯ ಶತಮಾನದ ಗ್ಯಾಸೆಟಿಯರು ದಾಖಲಿಸಿದೆ. ತೋಟದಿಂದ ಬಂದ ಬೀಜದ ಸಿಪ್ಪೆಯನ್ನು ತೆಗೆದು, ಗಾತ್ರಕ್ಕೆ ತಕ್ಕಂತೆ ವಿಂಗಡಿಸಿ, ಮೂಟೆ ಕಟ್ಟುವುದು ಅಂತಹ ಕಾರ್ಖಾನೆಯ ಕೆಲಸ. ಆ ಮೂಟೆಗಳಲ್ಲಿ ಬಹುಪಾಲು ಕಡಲಾಚೆಗೆ ಸಾಗುತ್ತಿದ್ದುವು. ದಾರಿಯ ಬದಿಯ ಹಳ್ಳಿಯವನ ಬೆಳಗಿನ ಆಹಾರ ಅಂಬಲಿ, ಮಜ್ಜಿಗೆಗಳೇ ಆಗಿತ್ತು.

ಚಿಕೋರಿಯ ಹುಟ್ಟು ಬೇರೆಡೆಯದು. ಸೂರ್ಯಕಾಂತಿಯ ಕುಟುಂಬಕ್ಕೆ ಸೇರಿದ, ನೀಲಿ ಹೂವಿನ ಈ ಗಿಡದ ಬೇರನ್ನು ಒಣಗಿಸಿ ಹುರಿದರೆ ಕಪ್ಪಾದ, ಕಹಿ ಬೆರೆತ ಸಿಹಿಯ ಪುಡಿಯಾಗುತ್ತದೆ. ಅದರಲ್ಲಿ ಕೆಫೀನ್ ಲೇಶವೂ ಇಲ್ಲ. ಕಾಫಿಗಾಗಿ ಹಣವು ಪರದೇಶಕ್ಕೆ ಹರಿಯುವುದನ್ನು ಸಹಿಸದ ಪ್ರಷ್ಯದ ದೊರೆ ಎರಡನೆಯ ಫ್ರೆಡರಿಕನು 1777ರಲ್ಲಿ ಪ್ರಜೆಗಳು ಬಿಯರನ್ನೇ ಕುಡಿಯಬೇಕೆಂದು ಸಾರಿದನು. 1781ರಲ್ಲಿ ಕಾಫಿ ಹುರಿಯುವುದನ್ನು ರಾಜ್ಯದ ಏಕಸ್ವಾಮ್ಯವಾಗಿಸಿದನು. ಪ್ರಜೆಗಳು ಚಿಕೋರಿಯನ್ನು ಹಿಡಿದರು. 1806ರಲ್ಲಿ ನೆಪೋಲಿಯನ್ನನು ಬ್ರಿಟನ್ನಿನೊಡನೆ ವ್ಯಾಪಾರವನ್ನು ನಿಷೇಧಿಸಿದ ಮೇಲೆ ಫ್ರಾನ್ಸಿನಲ್ಲಿಯೂ ಅದೇ ಗತಿಯಾಯಿತು. ಇಂಗ್ಲೆಂಡಿನಲ್ಲಿ 1840ರಲ್ಲಿ ಬೆರಕೆಗೆ ಸರಕಾರದ ಅನುಮತಿಯೇ ದೊರೆಯಿತು. ಸಿಂಹಳದ ತೋಟಗಾರರು ಪ್ರತಿಭಟಿಸಿದರು. 1850ರ ದಶಕದಲ್ಲಿ, ಮಾರುವುದು ಮಿಶ್ರಣವೆಂದು ಚೀಟಿಯ ಮೇಲೆ ಬರೆಯಬೇಕೆಂಬ ನಿಯಮ ಬಂದಿತು. ಬೆರಸುವುದು ತಪ್ಪಲ್ಲ, ಮುಚ್ಚಿಡುವುದು ತಪ್ಪು ಎಂಬ ಈ ಭೇದವನ್ನು ವಾಚಕರು ನೆನಪಿನಲ್ಲಿಡಬೇಕೆಂದು ಕೋರುತ್ತೇವೆ.

ಕಾಫಿಯನ್ನು ದೇಶದೊಳಗೇ ಮಾರಬೇಕೆಂಬ ವ್ಯವಸ್ಥಿತ ಪ್ರಯತ್ನಕ್ಕೆ ಕಾರಣ ಪರದೇಶದ ಪೇಟೆಯ ಕುಸಿತ. 1935ರಲ್ಲಿ ಕಾಫಿ ಸುಂಕದ ಸಮಿತಿ ರಚಿತವಾಯಿತು. 1936ರಲ್ಲಿ ಮುಂಬಯಿಯಲ್ಲಿ ಕಾಫಿ ಹೌಸ್ ತೆರೆಯಿತು. ಮಹಾಯುದ್ಧವು ಐರೋಪ್ಯ ಪೇಟೆಯನ್ನು ಮುಚ್ಚಿದಾಗ 1942ರ ಕಾಫಿ ಕಾಯಿದೆ ಬಂದು, ಬೆಳೆಯ ಮಾರಾಟವು ಮಂಡಲಿಯ ಕೈಗೆ ಸೇರಿತು. (ಬೆಳೆಗಾರರಿಗೆ ಮಾರಾಟದ ಪೂರ್ಣ ಸ್ವಾತಂತ್ರ್ಯ ಮರಳಿದುದು 1996ರಲ್ಲಿ.) ಹೀಗೆ ಕಾಫಿಯು ಹಳ್ಳಿಯತ್ತ ಬಂದಾಗ ಚಿಕೋರಿಯು ಅದಕ್ಕೆ ಊರುಗೋಲಾಯಿತು. ಗುಜರಾತು ಮತ್ತು ಉತ್ತರಪ್ರದೇಶಗಳಲ್ಲಿ ಬೆಳೆಯುವ ಈ ಬೇರು ಕಾಫಿಗಿಂತ ಅಗ್ಗ. ಅದು ನೀರಿನಲ್ಲಿ ಹೆಚ್ಚು ಕರಗುವುದರಿಂದ ಕಡಿಮೆ ಪುಡಿಗೇ ಡಿಕಾಕ್ಷನ್ ಗಟ್ಟಿಯಾಗಿ, ಕಪ್ಪಾಗಿ ಇಳಿಯುತ್ತದೆ. ಹಾಲು ಹೆಚ್ಚಾಗಿ ಬೆರೆಸಿದರೂ ಬಣ್ಣ ಕೆಡದು. ನಾಲ್ಕಾರು ಮಂದಿಯ ಮನೆಯಲ್ಲಿ ಕಾಲು ಕಿಲೊ ಪುಡಿಯನ್ನು ವಾರವೆಲ್ಲ ಒದಗಿಸಬೇಕಾದ ಗೃಹಿಣಿಗೆ ಈ ಗುಣಗಳ ಬೆಲೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಮಿತವ್ಯಯಕ್ಕಾಗಿ ಬಂದುದು ಕ್ರಮೇಣ ನಾಲಗೆಗೆ ಹತ್ತಿತು. ಈಗ ಶುದ್ಧ ಕಾಫಿಯನ್ನು ಕೊಟ್ಟರೆ ನೀರಾಗಿದೆಯೆಂದು ದೂರುವವರುಂಟು!

ಆದುದರಿಂದ ಈ ಮಿಶ್ರಣವನ್ನು ಪುರಾತನ ಮೈಸೂರು ಪದ್ಧತಿಯೆಂದು ಹೊಗಳುವುದು ಇತಿಹಾಸಕ್ಕೆ ಒಪ್ಪದು. ಮೋಸವೆಂದು ತೆಗಳುವುದೂ ನ್ಯಾಯವಲ್ಲವೆಂದು ನಮ್ಮ ಮತ. ಭಾರತದ ಆಹಾರ ನಿಯಮಗಳ ಪ್ರಕಾರ ಇಂತಹ ಮಿಶ್ರಣದಲ್ಲಿ ತೂಕದ ಶೇಕಡಾ 51ಕ್ಕೆ ಕಡಿಮೆಯಿಲ್ಲದಂತೆ ಕಾಫಿಯಿರಬೇಕು. ಎರಡರ ಪ್ರಮಾಣವನ್ನೂ ಪೊಟ್ಟಣದ ಮೇಲೆ ನಮೂದಿಸಬೇಕು. ಅರ್ಧಕ್ಕೆ ಒಂದೇ ಪಾಲು ಮೇಲಿದ್ದರೂ ಕಾಫಿಯ ಹೆಸರು ನಿಲ್ಲುತ್ತದೆಯೆಂಬುದು ನಮಗೆ ತುಸು ಧಾರಾಳವಾಗಿಯೇ ತೋರುತ್ತದೆ. ಕೊಂಡ ಪುಡಿಯಲ್ಲಿ ಚಿಕೋರಿಯುಂಟೆ ಎಂದು ತಿಳಿಯಲು ಪ್ರಯೋಗಶಾಲೆ ಬೇಕಿಲ್ಲ. ಗಾಜಿನ ಲೋಟದಲ್ಲಿ ತಣ್ಣೀರು ತುಂಬಿ ಒಂದು ಚಮಚ ಪುಡಿಯನ್ನು ಮೇಲೆ ಉದುರಿಸಿದರೆ ಕಾಫಿ ತೇಲುತ್ತದೆ. ಚಿಕೋರಿ ಕಂದುಬಣ್ಣದ ಎಳೆಗಳನ್ನು ಬಿಡುತ್ತ ತಳಕ್ಕಿಳಿಯುತ್ತದೆ.