ಹೆಸರನ್ನು ಕಾಯ್ದುಕೊಂಡ ದ್ರಾಕ್ಷಿಯ ಸೀಮೆ

ಫ್ರಾನ್ಸ್ ದೇಶದ ದಕ್ಷಿಣ ಭಾಗದಲ್ಲಿ, ರೋನ್ ನದಿಯ ಎಡದಂಡೆಯ ಕಡೆ, ಅವಿನ್ಯೋನ್ ಮತ್ತು ಒರಾಂಜ್ ಪಟ್ಟಣಗಳ ನಡುವೆ, ಷಾತೋನೆಫ್-ದ್ಯು-ಪಾಪ್ ಎಂಬ ಗ್ರಾಮವಿರುತ್ತದೆ. ‘ಪೋಪರ ಹೊಸ ಕೋಟೆ’ ಎಂಬುದು ಈ ಹೆಸರಿನ ಅರ್ಥ. ಕ್ರೈಸ್ತ ಮತಗುರುಗಳಾದ ಪೋಪರು 14ನೆಯ ಶತಮಾನದಲ್ಲಿ ಅವಿನ್ಯೋನಿನಲ್ಲಿ ನೆಲೆಸಿದ್ದಾಗ, 22ನೆಯ ಜಾನ್ ಎಂಬ ಪೋಪರು ಇಲ್ಲಿ ಕೋಟೆಯನ್ನು ಕಟ್ಟಿಸಿದರು. ಇಲ್ಲಿಯ ಕೆಂಪು ದ್ರಾಕ್ಷಾಮದ್ಯವು ಇಂದು ಲೋಕಪ್ರಸಿದ್ಧವಾಗಿದೆ. ಈ ಕೀರ್ತಿಗೆ ಭೂಮಿಯ ಗುಣವು ಎಷ್ಟು ಕಾರಣವೋ, ಬೆಳೆಗಾರರು ತಮಗೆ ತಾವೇ ವಿಧಿಸಿಕೊಂಡ ಕಟ್ಟುಪಾಡೂ ಅಷ್ಟೇ ಕಾರಣವಾಗಿದೆ.

ಈ ಸೀಮೆಯ ಅನೇಕ ತೋಟಗಳಲ್ಲಿ ಮಣ್ಣೇ ಕಾಣದಷ್ಟು ದಟ್ಟವಾಗಿ ಗುಂಡುಕಲ್ಲುಗಳು ಹಾಸಿಕೊಂಡಿರುತ್ತವೆ. ಇವು ಹಗಲಿನ ಬಿಸಿಲನ್ನು ಹೀರಿ ರಾತ್ರಿ ಬಳ್ಳಿಗಳಿಗೆ ಕಾವು ಕೊಡುತ್ತವೆ. ಕೆಳಗಣ ಜೇಡಿಮಣ್ಣಿನ ತೇವವು ಬೇಗ ಆರದಂತೆಯೂ ತಡೆಯುತ್ತವೆ. ಉತ್ತರದಿಂದ ಬೀಸುವ ‘ಮಿಸ್ತ್ರಾಲ್’ ಎಂಬ ಒಣಗಾಳಿಯು ಎಲೆ, ಗೊಂಚಲುಗಳ ಮೇಲಣ ನೀರನ್ನು ಆರಿಸುವುದರಿಂದ ಬೂಷ್ಟಿನ ಬಾಧೆ ಕಡಮೆ. ಬಳ್ಳಿಗಳನ್ನು ಚಪ್ಪರಕ್ಕೆ ಹಬ್ಬಿಸದೆ ಗಿಡ್ಡ ಪೊದೆಗಳಂತೆ ಸವರಿ ಬೆಳೆಸುವುದು ಹಳೆಯ ವಾಡಿಕೆ.

ಇಲ್ಲಿ 13 ಜಾತಿಯ ದ್ರಾಕ್ಷಿಗಳಿಗೆ ಅನುಮತಿಯುಂಟು. ಅವುಗಳಲ್ಲಿ ಗ್ರೆನಾಷ್ ಎಂಬುದೇ ಮುಖ್ಯ. ಸಿರಾ, ಮೂರ್ವೆದ್ರ್ ಮುಂತಾದವುಗಳ ರಸವು ಅದರೊಡನೆ ಕೂಡುತ್ತದೆ. ಹೊಸ ಮದ್ಯದಲ್ಲಿ ಮಾಗಿದ ಸ್ಟ್ರಾಬೆರಿ, ಚೆರ್ರಿ ಹಣ್ಣುಗಳ ರುಚಿಯೂ, ಕರಿಮೆಣಸಿನ ಹಾಗೂ ಕಾಡುಮೂಲಿಕೆಗಳ ಪರಿಮಳವೂ ಇರುತ್ತವೆ. ವರ್ಷಗಳು ಕಳೆದಂತೆ ಒಣ ಅಂಜೂರದ ಮತ್ತು ಹದಮಾಡಿದ ತೊಗಲಿನ ವಾಸನೆ ತೋರುತ್ತದೆ.

ಈ ಸೀಮೆಗೆ ಎರಡು ವಿಪತ್ತುಗಳು ಒದಗಿದುವು. ಮೊದಲನೆಯದು ಫಿಲ್ಲಾಕ್ಸೆರ ಎಂಬ ಬೇರುಹೇನು. ಅಮೆರಿಕದಿಂದ ಬಂದ ಈ ಕೀಟವು 1860ರ ದಶಕದಲ್ಲಿ ರೋನ್ ನದಿಯ ಪ್ರಾಂತದಲ್ಲಿ ಕಾಣಿಸಿಕೊಂಡು ತೋಟಗಳನ್ನು ಹಾಳುಮಾಡಿತು. 1868ರಲ್ಲಿ ಪ್ಲಾಂಷೋನ್ ಮೊದಲಾದ ಪಂಡಿತರು ಸತ್ತ ಬಳ್ಳಿಗಳ ನೆರೆಯಲ್ಲಿದ್ದ ಬಳ್ಳಿಗಳ ಬೇರುಗಳಲ್ಲಿ ಅದನ್ನು ಕಂಡುಹಿಡಿದರು. ಕೀಟವನ್ನು ತಾಳಬಲ್ಲ ಅಮೆರಿಕದ ಬೇರಿಗೆ ಊರ ದ್ರಾಕ್ಷಿಯನ್ನು ಕಸಿಕಟ್ಟಿದ ಮೇಲೆ ತೋಟಗಳು ಚಿಗುರಿದುವು.

ಎರಡನೆಯದು ಮೋಸ. ಬೇರೆಡೆಯ ಕೀಳು ಮದ್ಯವು ಈ ಊರಿನ ಹೆಸರಿನಲ್ಲಿ ಮಾರಾಟವಾಗತೊಡಗಿ, ನಿಜವಾದ ಬೆಳೆಗಾರರಿಗೆ ನಷ್ಟವಾಯಿತು. 1923ರಲ್ಲಿ ಅವರು, ನ್ಯಾಯಶಾಸ್ತ್ರವನ್ನು ಓದಿದ್ದ ತೋಟದ ಒಡೆಯರಾದ ಬ್ಯಾರನ್ ಪಿಯೇರ್ ಲರ್ವಾ ಎಂಬುವರ ಮುಂದಾಳ್ತನದಲ್ಲಿ ಸಂಘ ಕಟ್ಟಿ ನಿಬಂಧನೆಗಳನ್ನು ಮಾಡಿಕೊಂಡರು. ಲ್ಯಾವೆಂಡರ್ ಮತ್ತು ಥೈಮ್ ಎಂಬ ಪರಿಮಳದ ಗಿಡಗಳೆರಡೂ ಒಟ್ಟಿಗೆ ಬೆಳೆಯುವ ಒಣನೆಲದಲ್ಲಿ ಮಾತ್ರ ಈ ಹೆಸರಿನ ದ್ರಾಕ್ಷಿಯನ್ನು ಬೆಳೆಯತಕ್ಕದ್ದು. ಗೊತ್ತುಪಡಿಸಿದ ಜಾತಿಗಳನ್ನೇ ನೆಡತಕ್ಕದ್ದು. ಕಳಪೆ ಹಣ್ಣನ್ನು ಆರಿಸಿ ತೆಗೆಯತಕ್ಕದ್ದು. ಮದ್ಯಸಾರವು ಶೇಕಡ 12.5ಕ್ಕೆ ಕಡಮೆಯಾಗಕೂಡದು. ನ್ಯಾಯಸ್ಥಾನಗಳಲ್ಲಿ ಸುಮಾರು 10 ವರ್ಷ ವ್ಯಾಜ್ಯ ನಡೆದು, 1933ರಲ್ಲಿ ಸೀಮೆಯ ಎಲ್ಲೆಯೂ ಕಟ್ಟುಪಾಡೂ ಸ್ಥಿರಪಟ್ಟುವು. 1936ರಲ್ಲಿ ಸರ್ಕಾರದ ಶಾಸನವು ಈ ಹೆಸರಿಗೆ ರಕ್ಷಣೆ ಕೊಟ್ಟಿತು. ಫ್ರಾನ್ಸಿನಲ್ಲಿ ಇಂತಹ ರಕ್ಷಣೆ ಪಡೆದ ಮೊದಲ ಸೀಮೆಗಳಲ್ಲಿ ಇದೊಂದು.

ಇಂದಿಗೂ ಇಲ್ಲಿ ಹಣ್ಣನ್ನು ಕೈಯಿಂದಲೇ ಕೊಯ್ಯಬೇಕು. ಹೆಕ್ಟೇರಿಗೆ 3,500 ಲೀಟರು, ಎಂದರೆ ಎಕರೆಗೆ ಸುಮಾರು 1,400 ಲೀಟರು ಮದ್ಯ ಬರುವಷ್ಟೇ ಫಸಲಿಗೆ ಅವಕಾಶ. ಹೆಚ್ಚು ತೆಗೆಯಬಲ್ಲ ಬೆಳೆಗಾರನೂ ಈ ಮಿತಿಗೆ ಒಳಪಟ್ಟಿರುತ್ತಾನೆ. ಊರಿನ ಹೆಸರು ಊರವರೆಲ್ಲರ ಸೊತ್ತು. ಅದನ್ನು ಹೊರಗಿನವರು ಕೆಡಿಸದಂತೆ ಕಾಯಬೇಕಾದರೆ, ಒಳಗಿನವರು ಮೊದಲು ಅದಕ್ಕೆ ತಕ್ಕ ಸರಕನ್ನೇ ಕೊಡಬೇಕೆಂಬುದನ್ನು ಈ ಗ್ರಾಮಸ್ಥರು ನಡೆಸಿ ತೋರಿಸಿದ್ದಾರೆ.