ಬರೆದಿದ್ದರಷ್ಟೇ ಲೆಕ್ಕ: ಮೆಡಿಕಲ್ ಕೋಡಿಂಗ್ ಮತ್ತು ಲ್ಯಾಬ್ ವರದಿ

ಮುಂಬಯಿ, ಚೆನ್ನೈ, ಹೈದರಾಬಾದ್‌ಗಳಲ್ಲಿ ಜೀವಶಾಸ್ತ್ರ, ಫಾರ್ಮಸಿ, ನರ್ಸಿಂಗ್ ಕಲಿತ ಕನ್ನಡಿಗ ಯುವಜನರಿಗೆ ತೆರೆದಿರುವ ಉದ್ಯೋಗಗಳಲ್ಲಿ ಮೆಡಿಕಲ್ ಕೋಡಿಂಗ್ ಒಂದು. ಮಗಳು ಅಮೆರಿಕದ ಆಸ್ಪತ್ರೆಯ ಫೈಲ್ ಓದುವ ಕೆಲಸದಲ್ಲಿದ್ದಾಳೆ ಎಂದರೆ, ಅದೆಂಥ ಕೆಲಸ ಎಂದು ಹೆತ್ತವರಿಗೆ ಸುಲಭವಾಗಿ ಅರ್ಥವಾಗದು.

ಅಮೆರಿಕದಲ್ಲಿ ವೈದ್ಯರ ಬಿಲ್ಲು ವಿಮಾ ಕಂಪೆನಿಗೆ ತಲುಪುವುದು ಸಂಕೇತಗಳ ರೂಪದಲ್ಲಿ. ರೋಗಕ್ಕೆ ಐಸಿಡಿ-10-ಸಿಎಂ ಸಂಕೇತ. ಅಲ್ಲಿ ಅದು ಜಾರಿಗೆ ಬಂದುದು 2015ರ ಅಕ್ಟೋಬರ್ 1ರಂದು. ವೈದ್ಯರು ಮಾಡಿದ ಕೆಲಸಕ್ಕೆ ಅಮೆರಿಕನ್ ಮೆಡಿಕಲ್ ಅಸೋಸಿಯೇಶನ್‌ನ ಸಿಪಿಟಿ ಸಂಕೇತ. ವೈದ್ಯರ ಟಿಪ್ಪಣಿ ಓದಿ ಇವೆರಡನ್ನೂ ಆರಿಸುವವರೇ ಕೋಡರ್.

ಲ್ಯಾಬ್ ವರದಿಗೆ ಇಲ್ಲಿ ವಿಶೇಷ ಮಹತ್ವ ಬಂದುದು 2021ರ ಜನವರಿ 1ರಿಂದ. ಅಂದಿನಿಂದ ಕ್ಲಿನಿಕ್ ಭೇಟಿಯ ದರ್ಜೆಯನ್ನು ವೈದ್ಯರು ವ್ಯಯಿಸಿದ ಸಮಯದಿಂದ ಇಲ್ಲವೇ ಅವರ ನಿರ್ಧಾರದ ಕ್ಲಿಷ್ಟತೆಯಿಂದ ಅಳೆಯಲಾಗುತ್ತದೆ. ಕ್ಲಿಷ್ಟತೆಗೆ ಮೂರು ಅಂಶಗಳು: ಕಾಯಿಲೆ, ಪರಿಶೀಲಿಸಿದ ಮಾಹಿತಿ ಮತ್ತು ಚಿಕಿತ್ಸೆಯ ಅಪಾಯ. ಈ ಪೈಕಿ ಎರಡು ಹೊಂದಬೇಕು. ಪರೀಕ್ಷೆ ಬರೆದುಕೊಡುವುದು, ಫಲಿತಾಂಶ ನೋಡುವುದು 'ಮಾಹಿತಿ'ಯ ಲೆಕ್ಕಕ್ಕೆ ಸೇರುತ್ತವೆ.

ಹೊಸಬರು ಎಡವುವುದು ಇಲ್ಲೇ. ಸಿಪಿಟಿ 80053 ಎಂಬ ರಕ್ತಪರೀಕ್ಷೆಯಲ್ಲಿ 14 ಅಂಶಗಳಿದ್ದರೂ ಲೆಕ್ಕಕ್ಕೆ ಅದು ಒಂದೇ ಪರೀಕ್ಷೆ. ವೈದ್ಯರು ಮಾರ್ಚ್ ಭೇಟಿಯಲ್ಲಿ ಪರೀಕ್ಷೆ ಬರೆದುಕೊಟ್ಟು, ಏಪ್ರಿಲ್ ಭೇಟಿಯಲ್ಲಿ ಫಲಿತಾಂಶ ನೋಡಿದರೆ ಎರಡು ಬಾರಿ ಎಣಿಸುವಂತಿಲ್ಲ; ನೋಡುವ ಕೆಲಸ ಮಾರ್ಚ್‌ನ ಲೆಕ್ಕದಲ್ಲೇ ಅಡಗಿದೆ. 'ಲ್ಯಾಬ್ ನೋಡಲಾಗಿದೆ' ಎಂದಷ್ಟೇ ಬರೆದರೆ ಸಾಲದು. ಯಾವ ಪರೀಕ್ಷೆ, ಏನು ಫಲಿತಾಂಶ, ಅದರಿಂದ ಚಿಕಿತ್ಸೆಯಲ್ಲಿ ಏನು ನಿರ್ಧಾರ ಎಂಬುದು ಸ್ಪಷ್ಟವಾಗಿರಬೇಕು. ಬರೆಯದಿದ್ದರೆ ಮಾಡಿಲ್ಲ ಎಂದೇ ಅರ್ಥ ಎಂಬುದು ಈ ವೃತ್ತಿಯ ಹಳೆಯ ಮಾತು.

ಇನ್ನೂ ದೊಡ್ಡ ಗೆರೆಯೊಂದಿದೆ. ವರದಿಯಲ್ಲಿ ಸೋಡಿಯಂ 128 ಎಂದಿದ್ದರೆ ಅದು ಕಡಿಮೆ ಎಂದು ಕೋಡರ್‌ಗೆ ಗೊತ್ತು, ಇ87.1 ಎಂಬ ಸಂಕೇತವೂ ಬಾಯಿಪಾಠ. ಆದರೂ ಹಾಕುವಂತಿಲ್ಲ. ಸಂಖ್ಯೆಯಿಂದ ರೋಗ ತೀರ್ಮಾನಿಸುವ ಅಧಿಕಾರ ಚಿಕಿತ್ಸೆ ನೀಡುವ ವೈದ್ಯರದು. ಸಂಶಯವಿದ್ದರೆ ಉತ್ತರ ಸೂಚಿಸದಂತೆ ಪ್ರಶ್ನೆ ಬರೆದು ವೈದ್ಯರಿಗೆ ಕಳುಹಿಸಬೇಕು.

ಇದು ಬರೀ ಶಿಸ್ತಿನ ಮಾತಲ್ಲ. ತಪ್ಪು ಸಂಕೇತ ಬಿದ್ದರೆ ರೋಗಿಯ ದಾಖಲೆಯಲ್ಲಿ ಇಲ್ಲದ ರೋಗ ಉಳಿದುಬಿಡುತ್ತದೆ. ಸರಕಾರಿ ವಿಮೆಗೆ ತಿಳಿದೂ ಸುಳ್ಳು ಬಿಲ್ಲು ಕಳುಹಿಸಿದರೆ, 1863ರಷ್ಟು ಹಳೆಯ ಅಮೆರಿಕದ ಕಾನೂನಿನಡಿ ನಷ್ಟದ ಮೂರು ಪಟ್ಟು ಹಣದ ಜತೆಗೆ ದಂಡವನ್ನೂ ತೆರಬೇಕಾಗುತ್ತದೆ. ಕಡಿಮೆ ದರ್ಜೆ ಹಾಕಿದರೆ ದುಡಿದ ವೈದ್ಯರಿಗೇ ನಷ್ಟ.

ಸಿಪಿಸಿ ಎಂಬ ಅರ್ಹತಾ ಪರೀಕ್ಷೆಯನ್ನು ಸಂಕೇತ ಪುಸ್ತಕ ಎದುರಿಗಿಟ್ಟುಕೊಂಡೇ ಬರೆಯಬಹುದು. 4 ಗಂಟೆಗಳಲ್ಲಿ 100 ಪ್ರಶ್ನೆ, ತೇರ್ಗಡೆಗೆ ಶೇ. 70. ಬಾಯಿಪಾಠಕ್ಕಿಂತ ಎಚ್ಚರದ ಓದು ಇಲ್ಲಿ ಮುಖ್ಯ. ಕನ್ನಡ ಸಂಘಗಳು ತಮ್ಮ ವೃತ್ತಿ ಮಾರ್ಗದರ್ಶನ ಶಿಬಿರಗಳಲ್ಲಿ ಈ ಕ್ಷೇತ್ರದಲ್ಲಿರುವ ನಮ್ಮವರಿಂದಲೇ ಒಂದು ಗಂಟೆ ಮಾತನಾಡಿಸಿದರೆ ಹಲವರಿಗೆ ದಾರಿಯಾದೀತು.

ಮನೆಯ ಹಿರಿಯರಿಗೂ ಇದರಲ್ಲಿ ಪಾಠವಿದೆ. ರಕ್ತಪರೀಕ್ಷೆಯ ಕಾಗದಗಳನ್ನು ದಿನಾಂಕದಂತೆ ಜೋಡಿಸಿಡಬೇಕು. ಸಂಖ್ಯೆ ನೋಡಿ ತಾವೇ ರೋಗದ ಹೆಸರಿಡುವ ಬದಲು, ವೈದ್ಯರಿಂದ ಅದರ ಅರ್ಥ ಬರೆಸಿಕೊಳ್ಳುವುದು ಲೇಸು.